ತಿಂಗಳಿಡೀ ತಿರುಗುವ ಯಂತ್ರ ಯಾವುದು?

ಕಲ್ಲುಗಳನ್ನು ಡ್ರಮ್ಮಿನಲ್ಲಿ ಉರುಳಿಸಿ ನಯಮಾಡುವ ಯಂತ್ರಕ್ಕೆ ರಾಕ್ ಟಂಬ್ಲರ್ ಎಂದು ಹೆಸರು. ಅದನ್ನು ಮಾರುವವರು ಪೆಟ್ಟಿಗೆಯ ಮೇಲೆ ಗಾಜಿನಂತೆ ಹೊಳೆಯುವ ಕಲ್ಲುಗಳ ಚಿತ್ರ ಹಾಕಿರುತ್ತಾರೆ. ಕೊಳ್ಳುವವರ ಮನಸ್ಸು ಅಲ್ಲೇ ನಿಂತುಬಿಡುತ್ತದೆ. ಆದರೆ ಕಲ್ಲಿಗೆ ಹೊಳಪು ಬರುವುದು ಡ್ರಮ್ಮಿನೊಳಗೆ ಹಾಕುವ ಪುಡಿಯಿಂದ ಮತ್ತು ಅದಕ್ಕೆ ಕೊಡುವ ಸಮಯದಿಂದ. ಯಂತ್ರದ ಪಾಲಿಗಿರುವುದು ನಿಲ್ಲದೆ ತಿರುಗುವ ಕೆಲಸ ಮಾತ್ರ. ಹಾಗಾಗಿ ಯಾವ ಯಂತ್ರವನ್ನೇ ಅಳೆಯಲಿ, ನಾನು ಮೊದಲು ನೋಡುವುದು ಅದು ಎಷ್ಟು ದಿನ ಬಿಡುವಿಲ್ಲದೆ ಓಡಬಲ್ಲದು, ಕೆಟ್ಟರೆ ಎಷ್ಟು ಸುಲಭವಾಗಿ ಸರಿಯಾದೀತು ಎಂಬುದನ್ನು.

ಕೆಲಸದ ಲೆಕ್ಕ ಹೀಗಿದೆ. ಮೊದಲು 60/90 ನಂಬರಿನ ಒರಟು ಸಿಲಿಕಾನ್ ಕಾರ್ಬೈಡ್ ಪುಡಿ, ಆಮೇಲೆ 120/220, ಆಮೇಲೆ 500, ಕೊನೆಗೆ ಹೊಳಪಿಗೆ ಅಲ್ಯೂಮಿನಿಯಂ ಆಕ್ಸೈಡ್. ಒಂದೊಂದು ಹಂತಕ್ಕೂ ಸುಮಾರು ಒಂದು ವಾರ ಹಿಡಿಯುತ್ತದೆ. ಒರಟು ಹಂತಕ್ಕೆ ಎಷ್ಟೋ ಸಲ ಎರಡು ವಾರವೂ ಸಾಲದು. ನಾಲ್ಕೇ ವಾರ ಎಂದುಕೊಂಡರೂ 672 ಗಂಟೆ. ನಮ್ಮ ಮನೆಯ ಮಿಕ್ಸಿಯ ಮೋಟಾರಿಗೆ ಸಾಮಾನ್ಯವಾಗಿ 30 ನಿಮಿಷದ ರೇಟಿಂಗ್ ಇರುತ್ತದೆ ಎಂಬುದನ್ನು ನೆನೆದರೆ, ಈ ಚಿಕ್ಕ ಯಂತ್ರದಿಂದ ನಾವು ಎಷ್ಟು ದೊಡ್ಡ ದುಡಿಮೆ ಕೇಳುತ್ತಿದ್ದೇವೆ ಎಂಬುದು ತಿಳಿಯುತ್ತದೆ.

ಇದಕ್ಕೆ ಅಡ್ಡದಾರಿ ಎಂದೂ ಇರಲಿಲ್ಲ. ಗುಜರಾತಿನ ಖಂಭಾತದಲ್ಲಿ ಅಗೇಟ್ ಮಣಿ ಮಾಡುವವರು ಹಿಂದೆ ಮಣಿ, ಕುರಂದದ ಪುಡಿ, ನೀರು ಮೂರನ್ನೂ ಚರ್ಮದ ಚೀಲದಲ್ಲಿ ತುಂಬಿ, ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಅತ್ತಿತ್ತ ಉರುಳಿಸುತ್ತಿದ್ದರು. ಈಗ ಆ ಕೆಲಸ ಡ್ರಮ್ಮುಗಳಿಗೆ ಬಂದಿದೆ. ನೀರು ಬಿಟ್ಟು ಒಣಗಲ್ಲು ಉಜ್ಜುವ ಯೋಚನೆ ಮಾತ್ರ ಯಾರೂ ಮಾಡಬಾರದು. ಕಲ್ಲಿನ ದೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್‌ನಿಂದ ನರಳಿದವರು ಅದೇ ಖಂಭಾತದಲ್ಲಿ ಬಹಳ ಮಂದಿ.

ಇನ್ನು ಮೋಟಾರಿನ ಮಾತು. ಈ ಹವ್ಯಾಸ ಬೆಳೆದದ್ದು ಅಮೆರಿಕದಲ್ಲಿ, ಒಳ್ಳೆಯ ಯಂತ್ರಗಳ ಹೆಸರೂ ಅಲ್ಲಿಯವೇ. ವಾಷಿಂಗ್ಟನ್ ರಾಜ್ಯದ ಥಮ್ಲರ್ಸ್ ಯಂತ್ರಗಳ ಬಗ್ಗೆ ನನಗೆ ಗೌರವವಿದೆ. ಕಾರಣ, ಅವುಗಳ ಮೋಟಾರು, ಬೆಲ್ಟು, ಬೇರಿಂಗು ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ, ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಾದರೂ ಬದಲಿಸಬಹುದು. ಆದರೆ ಅಲ್ಲಿಯ ಮಾಡೆಲನ್ನು ನೆಂಟರ ಕೈಲಿ ತರಿಸುವವರು ಒಂದು ವಿಷಯ ಗಮನಿಸಬೇಕು. ಅಲ್ಲಿಯ ಮನೆಬಳಕೆಯ ಕರೆಂಟು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಮುಟ್ಟುವುದಿಲ್ಲ. 60 ಹರ್ಟ್ಸ್‌ಗೆಂದು ಸುತ್ತಿದ ಇಂಡಕ್ಷನ್ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ. ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ, ಅದನ್ನು ತಣಿಸುವ ಫ್ಯಾನೂ ನಿಧಾನವಾಗುತ್ತದೆ. ಒಂದು ಗಂಟೆಯಲ್ಲಿ ಏನೂ ಗೊತ್ತಾಗದು, ಎರಡನೇ ವಾರದಲ್ಲಿ ಗೊತ್ತಾಗುತ್ತದೆ.

ಡಿಜಿಟಲ್ ಟೈಮರು, ವೇಗ ಹೊಂದಿಸುವ ಗುಂಡಿ ಇರುವ ಮಾಡೆಲುಗಳನ್ನು ಅಂಗಡಿಯವರು ಹೆಚ್ಚಿನ ದರ್ಜೆಯವು ಎಂದು ತೋರಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಇಂಥ ಹಲವು ಮಾಡೆಲುಗಳಲ್ಲಿ ಕರೆಂಟ್ ಹೋಗಿ ಬಂದಾಗ ಸೆಟ್ಟಿಂಗ್ ಅಳಿಸಿಹೋಗಿ ಯಂತ್ರ ಸುಮ್ಮನೆ ನಿಂತಿರುತ್ತದೆ. ನಡುರಾತ್ರಿ ಹಾಗಾದರೆ ಬೆಳಗಿನ ಹೊತ್ತಿಗೆ ಪುಡಿಯೆಲ್ಲ ತಳಕ್ಕಿಳಿದು ಗಟ್ಟಿಯಾಗಿ ಕೂತಿರುತ್ತದೆ. ಕರೆಂಟ್ ಬಂದೊಡನೆ ತಾನೇ ತಿರುಗತೊಡಗುವ ಸಾದಾ ಸ್ವಿಚ್ಚಿನ ಯಂತ್ರ ನಮ್ಮ ಊರುಗಳಿಗೆ ಎಷ್ಟೋ ಮೇಲು. ವೇಗ ಹೆಚ್ಚಿದ್ದರೆ ಕೆಲಸ ಬೇಗ ಮುಗಿಯುತ್ತದೆ ಎಂಬ ನಂಬಿಕೆಯೂ ತಪ್ಪು. ಒಳವ್ಯಾಸ 10 ಸೆಂಟಿಮೀಟರಿನ ಡ್ರಮ್ಮು ನಿಮಿಷಕ್ಕೆ ಸುಮಾರು 130 ಸುತ್ತು ಮುಟ್ಟಿದರೆ ಕಲ್ಲುಗಳು ಗೋಡೆಗೆ ಅಂಟಿಕೊಂಡೇ ಸುತ್ತುತ್ತವೆ, ಉಜ್ಜುವುದೇ ಇಲ್ಲ. ಅದಕ್ಕಿಂತ ತುಸು ಕಡಿಮೆಯಾದರೆ ಮೇಲಿಂದ ಧಡಧಡ ಬಿದ್ದು ಮೈತುಂಬ ಅರ್ಧಚಂದ್ರಾಕಾರದ ಬಿರುಕು ಮಾಡಿಕೊಳ್ಳುತ್ತವೆ. ಆ 130ರ ಅರ್ಧದ ಆಸುಪಾಸಿನಲ್ಲಿ ಕಲ್ಲು ಕಲ್ಲಿನ ಮೇಲೆ ಜಾರುತ್ತ ಇಳಿಯುತ್ತದೆ. ನಮಗೆ ಬೇಕಾದ್ದು ಆ ಜಾರುವಿಕೆ.

ಡ್ರಮ್ಮು ರಬ್ಬರಿನದೇ ಇರಲಿ. ಪ್ಲಾಸ್ಟಿಕ್ ಡ್ರಮ್ಮಿನ ಸದ್ದಿಗೆ ಮನೆಮಂದಿಯೆಲ್ಲ ಬೇಸರಪಡುತ್ತಾರೆ, ಅದರ ನುಣುಪು ಗೋಡೆಯ ಮೇಲೆ ಕಲ್ಲುಗಳು ಒಂದರ ಮೇಲೊಂದು ಜಾರದೆ ಎಲ್ಲವೂ ಒಟ್ಟಾಗಿ ಜಾರಿಬಿಡುತ್ತವೆ. 3 ಪೌಂಡ್ ಎಂದು ಬರೆದಿದ್ದರೆ ಅದು ಕಲ್ಲು, ನೀರು, ಪುಡಿ ಎಲ್ಲ ಸೇರಿದ ತೂಕ, ಸುಮಾರು 1.36 ಕೆಜಿ. ಅಷ್ಟೂ ಕಲ್ಲನ್ನೇ ತುಂಬಿದರೆ ಬೆಲ್ಟು ಹರಿಯುತ್ತದೆ. ಡ್ರಮ್ಮಿನ ಮೂರರಲ್ಲಿ ಎರಡು ಪಾಲಿನಷ್ಟು ಕಲ್ಲು, ಮೇಲಿನ ಕಲ್ಲುಗಳ ನೆತ್ತಿ ಕಾಣುವಷ್ಟು ನೀರು ಸಾಕು. ಯಂತ್ರ ನಿಂತುಹೋಗಲು ಬಹಳ ಸಲ ಕಾರಣ ಮುಚ್ಚಳ. ಅದರ ಅಂಚಿನ ತೋಡಿನಲ್ಲಿ ಒಂದೆರಡು ಕಾಳು ಪುಡಿ ಉಳಿದರೂ ಸಾಕು, ಬೂದು ರಾಡಿ ಸಣ್ಣಗೆ ಜಿನುಗಿ ಡ್ರಮ್ಮಿನ ಕೆಳಗೆ ತಿರುಗುವ ದಂಡಗಳ ಮೇಲೆ ಹರಡುತ್ತದೆ. ಡ್ರಮ್ಮು ಜಾರಿ ನಿಲ್ಲುತ್ತದೆ, ದಂಡ ಮಾತ್ರ ಕೆಳಗೆ ತಿರುಗುತ್ತ ರಬ್ಬರನ್ನು ಒಂದೇ ಕಡೆ ತಿಂದುಹಾಕುತ್ತದೆ. ಕೊಳ್ಳುವ ಮೊದಲೇ ಮುಚ್ಚಳ ತೆಗೆದು ಹಾಕಿ ನೋಡಿ, ನೀರು ತುಂಬಿ ಮಗುಚಿ ಹಿಡಿಯಿರಿ. ಒಂದು ಹನಿಯೂ ಬೀಳಬಾರದು.

ಒಳ್ಳೆಯ ಯಂತ್ರಕ್ಕೂ ತಕ್ಕ ಕಲ್ಲು ಬೇಕು. ವಿಜಯಪುರ, ಕಲಬುರಗಿ, ಬೀದರ್ ಕಡೆಯ ಬಸಾಲ್ಟ್ ನೆಲದಲ್ಲಿ ಸಿಗುವ ಅಗೇಟ್, ಕ್ಯಾಲ್ಸೆಡನಿಗಳು ಇದಕ್ಕೆ ಹೇಳಿಮಾಡಿಸಿದಂಥವು. ಮೋಸ್ ಮಾಪನದಲ್ಲಿ ಅವುಗಳ ಗಡಸು 6.5ರಿಂದ 7. ಸಿಲಿಕಾನ್ ಕಾರ್ಬೈಡಿನದು 9ಕ್ಕೂ ಮೇಲೆ. ಇವುಗಳ ಜತೆ 3ರ ಗಡಸಿನ ಕ್ಯಾಲ್ಸೈಟ್ ಹಾಕಿದರೆ ಅದು ಸವೆದು ಮಣ್ಣಾಗುತ್ತದೆ. ಗ್ರಾನೈಟ್ ಕೂಡ ಬೇಡ. ಅಭ್ರಕದ ಹಾಳೆಗಳು ಕಿತ್ತುಬಂದು ಮೈಯಲ್ಲಿ ಗುಳಿ ಉಳಿಯುತ್ತದೆ.

ಉರುಳಿಸುವ ಬದಲು ಕಲ್ಲುಗಳನ್ನು ಅದುರಿಸುವ ವೈಬ್ರೇಟರಿ ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒರಟು ಹಂತದ ಮುಂದಿನ ಹಂತಗಳನ್ನು ಅದು ದಿನಗಳಲ್ಲಿ ಮುಗಿಸುತ್ತದೆ, ಕಲ್ಲಿನ ಆಕಾರವನ್ನು ಹಾಗೇ ಉಳಿಸುತ್ತದೆ. ಒರಟು ಮೂಲೆ ಸವೆಸಲು ಮಾತ್ರ ಉರುಳುವ ಡ್ರಮ್ಮೇ ಬೇಕು, ಹೊಸಬರು ಅಲ್ಲಿಂದಲೇ ಶುರುಮಾಡಲಿ.

ಕರ್ನಾಟಕದಲ್ಲಿರುವ ಹವ್ಯಾಸಿಗೆ ನನ್ನ ಆಯ್ಕೆ ಬೇರೆಯೇ. 3 ಪೌಂಡಿನ ಒಳ್ಳೆಯ ರಬ್ಬರ್ ಡ್ರಮ್ಮೊಂದನ್ನು ಮಾತ್ರ ಕೊಳ್ಳಿ. ಉಳಿದ ಚೌಕಟ್ಟನ್ನು ಊರಿನ ಲೇತ್ ಅಂಗಡಿಯಲ್ಲಿ ಮಾಡಿಸಿ: ಎರಡು ಉಕ್ಕಿನ ದಂಡ, ಅವುಗಳಿಗೆ ರಬ್ಬರ್ ಕೊಳವೆಯ ಹೊದಿಕೆ, ನಾಲ್ಕು ಬೇರಿಂಗ್ ಬ್ಲಾಕು, ಸತತ ಓಟದ ರೇಟಿಂಗ್ ಇರುವ 230 ವೋಲ್ಟಿನ ಗೇರ್ ಮೋಟಾರು. ಬೆಲ್ಟಿಗೂ ಪುಲ್ಲಿಗೂ ಬೆರಳು ತಾಗದಂತೆ ತಗಡಿನ ಮರೆ ಹಾಕಿಸಿ, ಅರ್ಥಿಂಗ್ ಕೊಡಿಸಿ. ಮೋಟಾರು 30 ವ್ಯಾಟಿನದಾದರೆ ತಿಂಗಳಿಗೆ 20 ಯೂನಿಟ್ಟಿನ ಆಸುಪಾಸು ಖರ್ಚು. ಬೇರಿಂಗ್ ಸವೆದ ದಿನ ಹತ್ತಿರದ ಬೇರಿಂಗ್ ಅಂಗಡಿಗೆ ಹೋಗಿ, ಮೇಲೆ ಕೆತ್ತಿರುವ ನಂಬರ್ ಹೇಳಿದರೆ ಅಂಥದ್ದೇ ಇನ್ನೊಂದು ಕೈಗೆ ಸಿಗುತ್ತದೆ.