ಪದ ಸಿಕ್ಕಿತು, ಅರ್ಥ ಸಿಕ್ಕಿತೇ?



ವಚನಗಳನ್ನು ಓದುವಾಗ ಅಪರಿಚಿತವಾದ ಪದವೊಂದು ಎದುರಾದರೆ ತಾವು ಏನು ಮಾಡುತ್ತೀರಿ? ಹಿಂದಿನವರು ಗ್ರಂಥಾಲಯದಲ್ಲಿ ನಿಘಂಟಿನ ಭಾರವಾದ ಸಂಪುಟವನ್ನು ಇಳಿಸಿಕೊಂಡು ಅಕಾರಾದಿಯಾಗಿ ಹುಡುಕುತ್ತಿದ್ದರು. ಅಲ್ಲಿಯೂ ಸಂಶಯ ತೀರದಿದ್ದರೆ ಬಲ್ಲ ಪಂಡಿತರ ಬಳಿಗೆ ಹೋಗುತ್ತಿದ್ದರು. ಇಂದು ಅಂಗೈಯಲ್ಲಿರುವ ಮೊಬೈಲಿನಲ್ಲಿ ಆ ಪದವನ್ನು ಬರೆದರೆ ಸಾಕು, ಕ್ಷಣಾರ್ಧದಲ್ಲಿ ಅಂತರಜಾಲವು ಅರ್ಥವನ್ನು ಮುಂದಿಡುತ್ತದೆ. ಈ ಸೌಲಭ್ಯ ಸಾಮಾನ್ಯವಾದುದಲ್ಲ. ಆದರೆ ಹೀಗೆ ದೊರೆತ ಅರ್ಥವು ನಾವು ಓದುತ್ತಿರುವ ವಚನದ ಅರ್ಥವೇ ಎಂಬುದನ್ನು ವಿಚಾರಿಸುವುದು ಅಗತ್ಯ.

ಮೊದಲು ಈ ಕ್ಷೇತ್ರದಲ್ಲಿ ದುಡಿದ ಮಹನೀಯರನ್ನು ಸ್ಮರಿಸೋಣ. ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸುಮಾರು 70,000 ಪದಗಳನ್ನೊಳಗೊಂಡ ಆ ಕೋಶವು ಶಬ್ದಮಣಿದರ್ಪಣ, ಬಸವಪುರಾಣಾದಿ ಗ್ರಂಥಗಳ ಪ್ರಯೋಗಗಳನ್ನೂ ಗಾದೆಗಳನ್ನೂ ಆಧಾರವಾಗಿ ಇಟ್ಟುಕೊಂಡಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ಕನ್ನಡ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದು, ಎಂಟನೆಯದು 1995ರಲ್ಲಿ ಮುಗಿಯಿತು. ಇದರ ಹಿರಿಮೆಯೆಲ್ಲ ಶಾಸನ ಮತ್ತು ಕಾವ್ಯಗಳಿಂದ ಆಯ್ದ ಪ್ರಯೋಗಗಳಲ್ಲಿದೆ. ಶ್ರೀ ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಂಗಿಯಾಗಿ ರಚಿಸಿದ ಕನ್ನಡ-ಇಂಗ್ಲಿಷ್ ಕೋಶವು 2019ರಲ್ಲಿ 'ಅಲರ್' ಎಂಬ ಹೆಸರಿನಿಂದ ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯಿತು. ಅದರಲ್ಲಿ 1,50,000ಕ್ಕೂ ಹೆಚ್ಚು ಪದಗಳಿವೆ. ಹೂವು ಎಂಬ ಅರ್ಥದ ಹಳಗನ್ನಡ ಪದವನ್ನೇ ಹೆಸರಾಗಿಸಿಕೊಂಡ ಈ ಕೋಶ ಒಬ್ಬ ವ್ಯಕ್ತಿಯ ತಪಸ್ಸಿನ ಫಲ. ಅದಕ್ಕೆ ಕನ್ನಡಿಗರೆಲ್ಲರೂ ಋಣಿಗಳು.

ಆದಕಾರಣ ನಮ್ಮ ಆಕ್ಷೇಪಣೆ ಕೋಶಗಳ ಮೇಲಲ್ಲ, ಅವುಗಳನ್ನು ನೋಡುವ ನಮ್ಮ ಆತುರದ ಮೇಲೆ. ಪದ ಸಿಗದೆ ಹೋದರೆ ಓದುಗನು ಇನ್ನೊಂದೆಡೆ ವಿಚಾರಿಸುತ್ತಾನೆ. ಬೇರೊಂದು ಪದದ ಅರ್ಥ ಸಿಕ್ಕಿಬಿಟ್ಟರೆ ತೃಪ್ತನಾಗಿ ಅಲ್ಲಿಗೇ ನಿಲ್ಲುತ್ತಾನೆ. ಸಿಗದ ಅರ್ಥಕ್ಕಿಂತ ಸಿಕ್ಕ ತಪ್ಪರ್ಥವೇ ಹೆಚ್ಚು ಅಪಾಯಕರ.

ಇದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. ಹಳೆಯ ಕನ್ನಡದಲ್ಲಿ 'ಅಪ್ಪ' ಎಂದರೆ 'ಆಗುವ' ಎಂಬ ಅರ್ಥವೂ ಉಂಟು. ಅದನ್ನು ಹಾಗೆಯೇ ಹುಡುಕಿದವರಿಗೆ ತಂದೆಯೆಂಬ ಅರ್ಥ ಒಡನೆಯೇ ದೊರೆಯುತ್ತದೆ. ವಾಕ್ಯ ಮಾತ್ರ ಕೆಡುತ್ತದೆ. 'ಬೆಸ' ಎಂದರೆ ಅಪ್ಪಣೆ, ಕಾರ್ಯ. 'ಬೆಸಗೊಳ್' ಎಂದರೆ ಕೇಳು, ವಿಚಾರಿಸು. ಶಾಲೆಯ ಗಣಿತವನ್ನು ಮಾತ್ರ ಬಲ್ಲವನಿಗೆ ಬೆಸವೆಂದರೆ ಎರಡರಿಂದ ಭಾಗವಾಗದ ಸಂಖ್ಯೆ. ಇನ್ನು 'ಉಂಬ', 'ಕಾಂಬ' ಎಂಬ ರೂಪಗಳನ್ನು ತೆಗೆದುಕೊಳ್ಳಿ. ಉಣ್ಣು, ಕಾಣು ಎಂಬ ಧಾತುಗಳಿಗೆ ಮರಳದೆ ಇವುಗಳ ಅರ್ಥ ಹೊಳೆಯದು.

ಲಿಪಿಯ ತೊಡಕು ಮತ್ತೊಂದು. ಹಳಗನ್ನಡದಲ್ಲಿ ೞ ಮತ್ತು ಱ ಎಂಬ ಎರಡು ಅಕ್ಷರಗಳು ಬೇರೆಯಾಗಿಯೇ ಇದ್ದವು. ಹದಿಮೂರನೆಯ ಶತಮಾನದ ಕೇಶಿರಾಜನು ಇವುಗಳ ಭೇದವನ್ನು ಶಾಸ್ತ್ರೋಕ್ತವಾಗಿ ವಿವರಿಸಿದ್ದಾನೆ. 'ಅೞಿ' ಎಂದರೆ ನಾಶವಾಗು, 'ಅಳಿ' ಎಂದರೆ ದುಂಬಿ. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಶತ್ರು ಅಥವಾ ಕತ್ತರಿಸು. ಇಂದಿನ ಮುದ್ರಣದಲ್ಲಿ ಈ ಜೋಡಿಗಳು ಒಂದೇ ರೂಪ ತಾಳಿವೆ. ಯಂತ್ರವು ಅಕ್ಷರವನ್ನು ನೋಡಬಲ್ಲದು. ಅದರ ಹಿಂದೆ ಅಳಿದುಹೋದ ಅಕ್ಷರವನ್ನು ಓದುಗನೇ ನೆನೆಯಬೇಕು.

ಎಲ್ಲಕ್ಕಿಂತ ಗಹನವಾದುದು ಪಾರಿಭಾಷಿಕ ಪದಗಳ ಪ್ರಶ್ನೆ. 'ಬಯಲು' ಎಂದರೆ ಮೈದಾನವೆಂಬುದು ಲೋಕದ ಅರ್ಥ; ಶರಣರ ನುಡಿಯಲ್ಲಿ ಅದು ನಾಮರೂಪಗಳನ್ನು ಮೀರಿದ ನಿರಾಕಾರ ತತ್ತ್ವ. 'ಜಂಗಮ' ಎಂದರೆ ಚಲಿಸುವಂಥದು ಎಂಬಲ್ಲಿಗೆ ನಿಂತವನಿಗೆ ಜಂಗಮ ದಾಸೋಹದ ಮರ್ಮ ತಿಳಿಯುವುದೆಂತು? ಮೊಬೈಲಿಗೇ 'ಜಂಗಮವಾಣಿ' ಎಂದು ಹೆಸರಿಟ್ಟ ಕಾಲವಿದು! ಕಿಟ್ಟೆಲ್ಲರ ಕೋಶ ಬಂದಾಗ ವಚನಗಳು ಬಹುಮಟ್ಟಿಗೆ ತಾಳೆಗರಿಗಳಲ್ಲಿಯೇ ಇದ್ದವು, ಡಾ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಪ್ರಕಟವಾದುದು 1923ರಲ್ಲಿ. ಹೀಗಿರುವಾಗ ಸಾಮಾನ್ಯ ಕೋಶಗಳಲ್ಲಿಯೇ ಷಟ್‌ಸ್ಥಲದ ಪರಿಭಾಷೆಯನ್ನೆಲ್ಲ ನಿರೀಕ್ಷಿಸುವುದು ನ್ಯಾಯವಲ್ಲ.

ಹಾಗಾದರೆ ಅಂತರಜಾಲವನ್ನು ತ್ಯಜಿಸಬೇಕೆ? ಖಂಡಿತ ಬೇಡ, ಕ್ರಮವರಿತು ಬಳಸಬೇಕು. ಮೊದಲು ಪ್ರತ್ಯಯಗಳನ್ನು ಕಳೆದು ಮೂಲರೂಪವನ್ನು ಗುರುತಿಸಬೇಕು. ಹಕಾರದ ಪದ ಹಿಂದೆ ಪಕಾರವಾಗಿದ್ದಿತೇ, ಳಕಾರ ೞಕಾರವಾಗಿದ್ದಿತೇ ಎಂದು ಯೋಚಿಸಬೇಕು. ಕೋಶವು ಕೊಟ್ಟ ಅರ್ಥಗಳನ್ನೆಲ್ಲ ಓದಬೇಕು, ಮೊದಲನೆಯದಕ್ಕೇ ನಿಲ್ಲಬಾರದು. ಬಳಿಕ 'ವಚನ ಸಂಚಯ'ದಂತಹ ಜಾಲತಾಣದಲ್ಲಿ ಅದೇ ಪದ ಬೇರೆ ಯಾವ ಯಾವ ವಚನಗಳಲ್ಲಿ ಬಂದಿದೆಯೆಂದು ನೋಡಬೇಕು. ಹಿಂದೆ ವಿದ್ವಾಂಸರು ತಿಂಗಳುಗಟ್ಟಲೆ ಚೀಟಿ ಬರೆದು ಮಾಡುತ್ತಿದ್ದ ಈ ಕೆಲಸವು ಇಂದು ನಿಮಿಷದಲ್ಲಿ ಆಗುತ್ತದೆ. ಅಂತರಜಾಲದ ನಿಜವಾದ ಉಪಕಾರ ಇದೇ. ಕೊನೆಗೆ ಸಮಗ್ರ ವಚನ ಸಂಪುಟಮಾಲೆಯ ಹದಿನೈದನೆಯ ಸಂಪುಟವಾದ ಪರಿಭಾಷಾ ಕೋಶವನ್ನು ತೆರೆದು, ಬಲ್ಲವರೊಡನೆ ಚರ್ಚಿಸಬೇಕು. ಈಚೆಗೆ ಕೃತಕ ಬುದ್ಧಿಮತ್ತೆಯೂ ಕೇಳಿದ ಪದಕ್ಕೆಲ್ಲ ನಿಸ್ಸಂಕೋಚವಾಗಿ ಅರ್ಥ ಹೇಳುತ್ತಿದೆ. ಪ್ರಯೋಗವನ್ನು ತೋರಿಸದ ಅರ್ಥವು ಸಾಕ್ಷಿಯಿಲ್ಲದ ಹೇಳಿಕೆಯೆಂಬುದನ್ನು ಮರೆಯಲಾಗದು.

ಇದು ಪಂಡಿತರಿಗಷ್ಟೇ ಸಂಬಂಧಿಸಿದ ಸೂಕ್ಷ್ಮವೆಂದು ತಾವು ಭಾವಿಸಬಾರದು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಊರೂರುಗಳಲ್ಲಿ ಪ್ರವಚನ ಮಾಡುತ್ತಿದ್ದಾರೆ. ಹಲವರು ಪರದೇಶಗಳಲ್ಲಿ ನೆಲೆಸಿ ತಮ್ಮ ಮಕ್ಕಳಿಗೆ ಇಂಗ್ಲಿಷಿನ ಮೂಲಕ ವಚನಗಳ ಅರ್ಥ ಹೇಳುತ್ತಿದ್ದಾರೆ. ಆ ಮಕ್ಕಳಿಗೆ ಕೇಳಿ ತಿಳಿಯಲು ನೆರೆಯಲ್ಲಿ ಅಜ್ಜಿಯಿಲ್ಲ, ಮಠವಿಲ್ಲ. ತಂದೆತಾಯಿಗಳು ಹೇಳಿದ ಅರ್ಥವೇ ಅವರಿಗೆ ಶರಣರ ಅರ್ಥ. ಒಬ್ಬರ ಆತುರದಿಂದ ಹುಟ್ಟಿದ ತಪ್ಪು ಅವರ ಪಾಲಿಗೆ ಪರಂಪರೆಯೇ ಆಗಿಬಿಡುತ್ತದೆ.

ಶರಣರು ಪಂಡಿತರ ಭಾಷೆಯನ್ನು ಬಿಟ್ಟು ಜನರ ನುಡಿಯಲ್ಲಿ ಮಾತನಾಡಿದರು. ಆ ನುಡಿ ಇಂದು ನಮಗೆ ಹಳೆಯದಾಗಿದ್ದರೆ ಅದು ಅವರ ದೋಷವಲ್ಲ, ಕಾಲದ ಧರ್ಮ. ಅರಿಯದ ಒಂದು ಪದದ ಮುಂದೆ ಅರ್ಧ ಗಳಿಗೆ ನಿಲ್ಲುವ ತಾಳ್ಮೆಯನ್ನು ವಾಚಕರು ಉಳಿಸಿಕೊಂಡರೆ, ಅಂಗೈಯ ಕೋಶವೂ ಸಾರ್ಥಕವಾದೀತು, ವಚನದ ಓದೂ ಸಾರ್ಥಕವಾದೀತು.