ಅಡಕೆ ಸುಲಿಯುವ ಜಗಲಿಯ ಗದ್ಯ

ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿ, ಏಳು ವರ್ಷದ ಶಾಲಾಭ್ಯಾಸಕ್ಕೇ ತೃಪ್ತಿಪಡಬೇಕಾಗಿ ಬಂದು, ಹನ್ನೆರಡರ ಪ್ರಾಯದಲ್ಲಿ ಮಂಡಗದ್ದೆಯ ಮನೆತನಕ್ಕೆ ಸೊಸೆಯಾಗಿ ಸೇರಿ, ಹಳಗನ್ನಡ ಕಾವ್ಯವನ್ನೂ ಹಿಂದಿ ಸಾಹಿತ್ಯವನ್ನೂ ಸ್ವಂತ ಆಸ್ಥೆಯಿಂದ ಓದಿಕೊಂಡ ಶ್ರೀಮತಿ ಎಂ. ಕೆ. ಇಂದಿರಾ ಅವರು ಕಾದಂಬರಿಗೆ ಕೈಹಾಕಿದ್ದು ನಲವತ್ತೈದರ ಸುಮಾರಿಗೆ. ಆ ಹೊತ್ತಿಗೆ ಇತರರು ತಮ್ಮ ಶೈಲಿಯನ್ನು ಸ್ಥಿರಪಡಿಸಿಕೊಂಡಿರುತ್ತಾರೆ. ಇವರಾದರೋ ಅಲ್ಲಿಂದ ಆರಂಭಿಸಿ, ಮುಂದಿನ ಹದಿಮೂರು ವರ್ಷಗಳಲ್ಲಿ ತಮ್ಮ ಗದ್ಯವನ್ನು ಗುರುತು ಸಿಗದಷ್ಟು ಮಾರ್ಪಡಿಸಿದರು.

1963ರ 'ತುಂಗಭದ್ರ' ರಾಜ್ಯ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದ ಕೃತಿ. ಮಲೆನಾಡಿನ ಮನೆ, ಮಳೆ, ಹೊಳೆ, ಹೆಂಗಳೆಯರ ಹಾಡುಹಸೆ ಎಲ್ಲವೂ ಅಲ್ಲಿ ಆಪ್ತವಾಗಿವೆ. ಆದರೆ ಆ ಆಪ್ತತೆಯನ್ನು ನೆಚ್ಚದೆ, ಓದುಗನ ಹೃದಯ ಕರಗಲೇಬೇಕೆಂಬ ಆತುರದಿಂದ ಲೇಖಕಿ ಆಗಾಗ ಭಾವದ ಮೇಲೆ ಭಾವವನ್ನು ಹೇರುತ್ತಾರೆ. ಇದು ಕಾದಂಬರಿಗಳನ್ನು ಓದಿ ಕಲಿತ ಶೈಲಿ. ಬಳಿಕ ಬಂದ 'ಸದಾನಂದ', 'ಗೆಜ್ಜೆಪೂಜೆ'ಗಳಲ್ಲಿ ಕಥನ ಬಿಗಿಯಾಯಿತು, ಸಂಭಾಷಣೆ ಚುರುಕಾಯಿತು. ಪುಟ್ಟಣ್ಣ ಕಣಗಾಲರು ಎರಡನೆಯದನ್ನು ಚಿತ್ರವಾಗಿಸಿದ ಮೇಲೆ ಕೀರ್ತಿಯೂ ಹಬ್ಬಿತು. ಶೈಲಿ ಮಾತ್ರ ಮೂಲತಃ ಅದೇ.

1976ರ 'ಫಣಿಯಮ್ಮ'ದಲ್ಲಿ ಅದು ಬೇರೆಯಾಯಿತು. ಬಾಲ್ಯದಲ್ಲಿ ತಾವು ಕಂಡ ವೃದ್ಧ ವಿಧವೆಯೊಬ್ಬಳು ತಮ್ಮ ತಾಯಿಯ ಮುಂದೆ ಹೇಳಿಕೊಂಡ ಬದುಕನ್ನು ದಶಕಗಳ ಕಾಲ ಮನಸ್ಸಿನಲ್ಲಿಟ್ಟುಕೊಂಡಿದ್ದು ಬರೆದ ಈ ಪುಸ್ತಕದಲ್ಲಿ ಕಾದಂಬರಿಕಾರ್ತಿ ಹಿಂದೆ ಸರಿದು, ಕೇಳಿದವಳು ಮುಂದೆ ಬಂದಿದ್ದಾಳೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ಕೊಯಿಲಿನ ಕಾಲದ ಇರುಳುಗಳಲ್ಲಿ, ದೀಪದ ಸುತ್ತ ಮೆಟ್ಟುಗತ್ತಿಗಳನ್ನಿಟ್ಟುಕೊಂಡು ಅಡಕೆ ಸುಲಿಯುವ ಹೆಂಗಸರ ಮಾತನ್ನು ಕೇಳಿದವರಿಗೆ ಈ ಗದ್ಯದ ಲಯ ಒಡನೆಯೇ ಪರಿಚಿತವಾಗುವುದು. ಸುಲಿಯುವ ಕೈ ನಿಲ್ಲುವುದಿಲ್ಲ. ಆದಕಾರಣ ದನಿಯೂ ಏರುವುದಿಲ್ಲ. ಯಾರ ಮನೆಯಲ್ಲಿ ಎಷ್ಟು ಜನ, ಮದುವೆ ಎಷ್ಟು ದಿನದ್ದು, ಅಡಿಗೆಗೆ ಏನೇನು ಎಂದು ಹೇಳಿದ ಸಮಧಾತುವಿನಲ್ಲಿಯೇ, ಒಂಬತ್ತರ ಹುಡುಗಿ ಮದುವೆಯಾಗಿ ಕೆಲವೇ ತಿಂಗಳಿಗೆ ವಿಧವೆಯಾದಳೆಂಬುದನ್ನೂ, ಮೈನೆರೆದ ಮೇಲೆ ಅವಳ ತಲೆ ಬೋಳಿಸಿದರೆಂಬುದನ್ನೂ ಹೇಳಿ ಮುಂದಿನ ಅಡಕೆಗೆ ಕೈಯಿಕ್ಕುವ ನಿರುದ್ವಿಗ್ನತೆ ಇಲ್ಲಿಯದು. 'ತುಂಗಭದ್ರ'ದ ಲೇಖಕಿಯಾಗಿದ್ದರೆ ಆ ಕ್ಷೌರದ ಸಂದರ್ಭಕ್ಕೆ ಎಷ್ಟು ಕಣ್ಣೀರನ್ನು ಹರಿಸುತ್ತಿದ್ದರೋ! ಇಲ್ಲಿ ಅದು ಮನೆವಾರ್ತೆಯ ಒಂದು ಬಾಬು. ಅದರಿಂದಲೇ ಓದುವವನಿಗೆ ಉಸಿರು ಕಟ್ಟುತ್ತದೆ.

ಚೀನಾದ ಸುಂಗ್ ಯುಗದ ಕವಯಿತ್ರಿ ಲಿ ಚಿಂಗ್‌ಜಾವೋ ಇಲ್ಲಿ ನೆನಪಾಗುತ್ತಾಳೆ. ಯೌವನದಲ್ಲಿ ವಿಲಾಸ, ವಿರಹ, ವಸಂತಗಳ ನಯವಾದ ಗೀತಗಳನ್ನು ರಚಿಸಿದ ಆಕೆ, 1127ರಲ್ಲಿ ರಾಜಧಾನಿ ಶತ್ರುವಶವಾಗಿ, 1129ರಲ್ಲಿ ಪತಿಯೂ ತೀರಿಹೋದ ತರುವಾಯ, ಆತನ ಶಾಸನಸಂಗ್ರಹಕ್ಕೆ ಬರೆದ ಹಿನ್ನುಡಿಯಲ್ಲಿ, ದಕ್ಷಿಣಕ್ಕೆ ಹದಿನೈದು ಬಂಡಿ ಪುಸ್ತಕ ಸಾಗಿಸಿದ್ದನ್ನೂ, ಸಂಗ್ರಹವೆಲ್ಲ ಹೇಗೆ ಹೇಗೆ ಕೈಬಿಟ್ಟಿತೆಂಬುದನ್ನೂ ಲೆಕ್ಕ ಬರೆದಂತೆ ಬರೆದಿಟ್ಟಳು. ಶೋಕವು ಪರಿಪಕ್ವವಾದಾಗ ಅಲಂಕಾರವನ್ನು ಬಿಟ್ಟು ಎಣಿಕೆಯನ್ನು ಹಿಡಿಯುವುದೆಂದು ತೋರುತ್ತದೆ. ಭೇದವೊಂದುಂಟು: ಚೀನಾದ ಕವಯಿತ್ರಿಯನ್ನು ಮಾರ್ಪಡಿಸಿದ್ದು ತನ್ನದೇ ವಿಪತ್ತು, ಇಂದಿರಾ ಅವರನ್ನು ಮಾರ್ಪಡಿಸಿದ್ದು ಪರರ ವಿಪತ್ತಿಗೆ ಸಲ್ಲಬೇಕಾದ ಸತ್ಯನಿಷ್ಠೆ. ಹುಟ್ಟಿಸಿದ ಪಾತ್ರದ ಪರವಾಗಿ ಎಷ್ಟಾದರೂ ಅಳಬಹುದು. ಬದುಕಿದ್ದವಳ ಪರವಾಗಿ, ಅವಳೇ ಅಳದಿದ್ದಾಗ, ನಾವು ಅಳುವುದು ಅಧಿಕಪ್ರಸಂಗವಾದೀತು.

ಕೃತಿ ನಿರ್ದೋಷವೇನಲ್ಲ. ಫಣಿಯಮ್ಮನನ್ನು ಪುಣ್ಯಾತ್ಮಳೆಂದು ಕೊಂಡಾಡುವ ಪುಟಗಳಲ್ಲಿ ಹಳೆಯ ಲೇಖಕಿ ಬಾಗಿಲಿನಿಂದ ಇಣುಕುತ್ತಾರೆ. ಸಂತಳಾದವಳಿಗೆ ಒಳಗುದಿ ಇರಲೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರ ಸಾಲದು. ತಲೆ ಕೊಡಲೊಲ್ಲೆನೆಂದು ನಿಂತ ತರುಣ ವಿಧವೆ ದಾಕ್ಷಾಯಣಿಯ ಪಕ್ಷವನ್ನು ಆ ಮುದುಕಿ ವಹಿಸುವಲ್ಲಿ, ಅಸ್ಪೃಶ್ಯಳೆನಿಸಿಕೊಂಡ ಹೆಂಗಸಿನ ಹೆರಿಗೆಗೆ ಕೈ ನೀಡುವಲ್ಲಿ, ವ್ಯಾಖ್ಯಾನವಿಲ್ಲದೆ ಕ್ರಿಯೆ ಮಾತ್ರ ಸಾಕಿತ್ತು; ಬಹುಮಟ್ಟಿಗೆ ಅಷ್ಟೇ ಇದೆಯೆಂಬುದು ನಮ್ಮ ಭಾಗ್ಯ.

1983ರಲ್ಲಿ ಪ್ರೇಮಾ ಕಾರಂತರು ಇದನ್ನು ಚಲನಚಿತ್ರವಾಗಿಸಿದರು. ತೇಜಸ್ವಿನಿ ನಿರಂಜನರು ಇಂಗ್ಲಿಷಿಗೆ ಅನುವಾದಿಸಿದರು. ಎರಡೂ ಸ್ತುತ್ಯ. ಆದರೂ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಮೊದಲು 'ತುಂಗಭದ್ರ'ವನ್ನು ಮನಸ್ಸಿನಲ್ಲೇ ಓದಿರಿ, ಆಮೇಲೆ 'ಫಣಿಯಮ್ಮ'ವನ್ನು, ಮನೆಯಲ್ಲಿ ವಯಸ್ಸಾದ ಅಜ್ಜಿಯೊಬ್ಬರಿದ್ದರೆ ಅವರೆದುರು ಕೂತು, ಗಟ್ಟಿಯಾಗಿ ಓದಿರಿ. ಅವರು ನಡುವೆ ಬಾಯಿ ಹಾಕಿದರೆ ಪುಸ್ತಕ ಮುಚ್ಚಿಟ್ಟು ಕೇಳಿರಿ.