ರಾಜಕೀಯ ಮನೋಧರ್ಮದ ಮಾಪನ: ಅಂತರ್ಜಾಲದ ಪ್ರಶ್ನಾವಳಿಗಳ ಮಿತಿ

ವ್ಯಕ್ತಿಯ ರಾಜಕೀಯ ಮನೋಧರ್ಮವನ್ನು ಕೆಲವೇ ನಿಮಿಷಗಳಲ್ಲಿ ಅಳೆದು ತಿಳಿಸುವುದಾಗಿ ಹೇಳುವ ಪ್ರಶ್ನಾವಳಿಗಳು ಅಂತರ್ಜಾಲದಲ್ಲಿ ಬಳಕೆಗೆ ಬಂದು ಎರಡು ದಶಕಗಳು ಮೀರಿವೆ. ಅವುಗಳ ಫಲಿತಾಂಶವನ್ನು ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಲ್ಲಿ ಪ್ರಮಾಣವೆಂದು ಉಲ್ಲೇಖಿಸತೊಡಗಿರುವುದರಿಂದ, ಆ ಪ್ರಮಾಣದ ಯೋಗ್ಯತೆಯನ್ನು ಪರಿಶೀಲಿಸುವುದು ಅನವಶ್ಯಕವಾಗಲಾರದು.

ಇವುಗಳಲ್ಲಿ ಬಹು ಪ್ರಸಿದ್ಧವಾದುದು 2001ರಲ್ಲಿ ಆರಂಭವಾದ ‘ಪೊಲಿಟಿಕಲ್ ಕಂಪಾಸ್’. ಇದರಲ್ಲಿ 62 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ಒಪ್ಪಿಗೆ ಅಥವಾ ನಿರಾಕರಣೆ, ಅದೂ ಸೌಮ್ಯ ಅಥವಾ ತೀವ್ರ ಎಂದು ನಾಲ್ಕೇ ಉತ್ತರಗಳು, ಮಧ್ಯಸ್ಥನಿಗೆ ಎಡೆಯಿಲ್ಲ. ಉತ್ತರಗಳನ್ನೆಲ್ಲ ಕೂಡಿಸಿ, ಆರ್ಥಿಕ ಎಡ-ಬಲಗಳ ಅಡ್ಡಗೆರೆ ಮತ್ತು ಅಧಿಕಾರನಿಷ್ಠೆ-ಸ್ವಾತಂತ್ರ್ಯಗಳ ಲಂಬಗೆರೆಗಳ ನಡುವೆ ಒಂದು ಚುಕ್ಕೆಯನ್ನಿಡಲಾಗುತ್ತದೆ. 1789ರ ಫ್ರೆಂಚ್ ಸಭೆಯಲ್ಲಿ ಸದಸ್ಯರು ಕುಳಿತ ಪಕ್ಕಗಳಿಂದ ಹುಟ್ಟಿದ ಒಂದೇ ಗೆರೆಗಿಂತ ಎರಡು ಗೆರೆಗಳು ಮೇಲೆಂಬುದನ್ನು ಒಪ್ಪಲೇಬೇಕು.

ಆದರೆ ಈ ಕ್ರಮವು ಉತ್ತರವನ್ನು ಎಣಿಸುತ್ತದೆಯೇ ಹೊರತು ಅದರ ಕಾರಣವನ್ನು ಕೇಳುವುದಿಲ್ಲ. ಭೂಮಿಯು ಕ್ರಯವಿಕ್ರಯದ ವಸ್ತುವಾಗಬಾರದು ಎಂಬ ಅರ್ಥದ ಹೇಳಿಕೆಯೊಂದು ಅದರಲ್ಲಿದೆ. ಒಪ್ಪಿಗೆಯು ಎಡಪಂಥದ ಲಕ್ಷಣವೆಂಬುದು ಇಲ್ಲಿಯ ಗ್ರಹಿಕೆ. ಇದನ್ನೇ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಕೇಳಿದರೆ ಏನಾದೀತು? 1974ರ ಮಾರ್ಚ್ 1ರಂದು ಗೇಣಿಯ ಭೂಮಿಗಳು ಸರಕಾರದಲ್ಲಿ ನಿಹಿತವಾಗಿ, ಮುಂದೆ ಗೇಣಿದಾರರ ಹೆಸರಿಗೆ ಬಂದವು. ಅಂದಿನ ಗೇಣಿದಾರನು ಭೂಮಿ ಉಳುವವನದೆಂಬ ಅರ್ಥದಲ್ಲಿ ಈ ಹೇಳಿಕೆಯನ್ನು ಒಪ್ಪಬಹುದು. ಭೂಮಿ ಕಳೆದುಕೊಂಡ ಒಡೆಯನೂ, ಪಿತ್ರಾರ್ಜಿತವು ಮಾರತಕ್ಕದ್ದಲ್ಲವೆಂಬ ಭಾವದಿಂದ, ಅಷ್ಟೇ ತೀವ್ರವಾಗಿ ಒಪ್ಪಬಹುದು. ಕೃಷಿಕರಲ್ಲದವರಿಗೂ ಕೃಷಿಭೂಮಿಯನ್ನು ಕೊಳ್ಳಲು 2020ರ ತಿದ್ದುಪಡಿಯು ದಾರಿ ತೆರೆದ ಮೇಲೆ, ಗೇಣಿದಾರನ ಮೊಮ್ಮಗನು ಹೆದ್ದಾರಿಯ ಪಕ್ಕದ ಬೆಲೆಯನ್ನು ನೆನೆದು ನಿರಾಕರಿಸಿದರೆ ಆಶ್ಚರ್ಯವಿಲ್ಲ. ಅಡಕೆ ತೋಟದವನ ಸ್ಥಿತಿ ಇನ್ನೂ ತೊಡಕಿನದು. ಅವನ ತೋಟ ಸ್ವಂತದ್ದು. ಅದಕ್ಕೆ ಸೊಪ್ಪನ್ನೊದಗಿಸುವ ಸೊಪ್ಪಿನಬೆಟ್ಟ ಸರಕಾರದ್ದು, ಅಲ್ಲಿ ಅವನಿಗಿರುವುದು ಸವಲತ್ತು ಮಾತ್ರ. ಅವನ ಪಾಲಿಗೆ ಭೂಮಿಯೆಂಬುದು ಮಾರಬಹುದಾದುದೂ ಹೌದು, ಮಾರಲಾಗದುದೂ ಹೌದು. ಯಾವ ಗುಂಡಿಯನ್ನು ಒತ್ತಬೇಕು? ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರನ್ನು ಎದುರಿಸಿ ಹೋರಾಡಿದ ಮೀನುಗಾರರಿಗಾದರೋ ಇದು ಮೀನು ಒಣಗಿಸುವ ಮರಳಿನ ಪ್ರಶ್ನೆ. ಹೀಗೆ ಪರಸ್ಪರ ವಿರುದ್ಧವಾದ ಹಿತಗಳು ಒಂದೇ ಉತ್ತರದಲ್ಲಿ ಸೇರಿ ಒಂದೇ ಅಂಕವನ್ನು ಪಡೆಯುತ್ತವೆ.

ಬಹುಸಂಖ್ಯೆಯ ಉತ್ತರಗಳನ್ನು ಕೂಡಿಸಿದಾಗ ಇಂಥ ಭೇದಗಳು ತಾವಾಗಿಯೇ ಅಳಿಸಿಹೋಗುವುವೆಂದು ಸಮಾಧಾನ ಹೇಳುವವರಿದ್ದಾರೆ. ಈ ಮಾತು ನಮಗೆ ಸಮ್ಮತವಲ್ಲ. ಆಕಸ್ಮಿಕವಾದ ತಪ್ಪುಗಳು ಕೂಡಿಕೆಯಲ್ಲಿ ಅಳಿಯುತ್ತವೆ, ನಿಜ. ಆದರೆ ಮೇಲೆ ಹೇಳಿದ ಭೇದಗಳು ಆಕಸ್ಮಿಕವಲ್ಲ, ಭೂಸಂಬಂಧದ ಇತಿಹಾಸವೇ ಅವುಗಳನ್ನು ನಿರ್ಮಿಸಿದೆ. ಅಲ್ಲದೆ ಇಲ್ಲಿ ಉತ್ತರಿಸುವವರು ಯಾರೂ ಆಯ್ದ ಮಾದರಿಯವರಲ್ಲ, ಕುತೂಹಲದಿಂದ ತಾವಾಗಿ ಬಂದವರು. ಟೊಂಕದಲ್ಲಿ ಮೀನು ಹರವುವ ಹೆಂಗಸರು ಅವರಲ್ಲಿ ಎಷ್ಟು ಮಂದಿ ಇದ್ದಾರು!

ಮತದಾನದ ಇತಿಹಾಸವನ್ನು ನೋಡಿದರೂ ಈ ಚುಕ್ಕೆಯಿಂದ ಹೆಚ್ಚಿನ ನೆರವಿಲ್ಲ. ಗೇಣಿದಾರರ ಪರವಾಗಿ ಹೋರಾಡಿದ ದಿನಕರ ದೇಸಾಯಿಯವರನ್ನು ಕೆನರಾ ಕ್ಷೇತ್ರವು 1967ರಲ್ಲಿ ಪಕ್ಷೇತರರಾಗಿಯೇ ಲೋಕಸಭೆಗೆ ಕಳುಹಿಸಿತು. ಭಟ್ಕಳ ವಿಧಾನಸಭಾ ಕ್ಷೇತ್ರದಲ್ಲಿ ಮಂಕಾಳ ವೈದ್ಯರು 2013ರಲ್ಲಿ ಪಕ್ಷೇತರರಾಗಿ ಗೆದ್ದರು, 2018ರಲ್ಲಿ ಕಾಂಗ್ರೆಸ್ಸಿನಿಂದ ಸೋತರು, 2023ರಲ್ಲಿ ಅದೇ ಪಕ್ಷದಿಂದ ಮತ್ತೆ ಗೆದ್ದರು. ಹತ್ತು ವರ್ಷಗಳಲ್ಲಿ ಅಲ್ಲಿಯ ಮತದಾರರ ಮನೋಧರ್ಮವೇ ಎರಡು ಬಾರಿ ತಿರುಗಿತೆಂದು ಹೇಳುವ ಧೈರ್ಯ ಯಾರಿಗಿದೆ? ಪ್ರಶ್ನಾವಳಿಯು ಮತವನ್ನಲ್ಲ, ಮನೋಧರ್ಮವನ್ನು ಅಳೆಯುತ್ತದೆಂಬ ಉತ್ತರ ನ್ಯಾಯವಾದುದೇ. ಆದರೆ ಅದನ್ನು ಪ್ರಬಂಧದಲ್ಲಿ ಬಳಸುವ ವಿದ್ಯಾರ್ಥಿಯು ಸಾಮಾನ್ಯವಾಗಿ ವಿವರಿಸಹೊರಡುವುದು ಮತವನ್ನೇ. ಹಾಗೆ ಬಳಸುವುದಾದರೆ ಉತ್ತರಿಸಿದವನ ಹಿಡುವಳಿ, ಉತ್ತರಿಸಿದ ದಿನಾಂಕ, ಪ್ರಶ್ನೆಯನ್ನು ಓದಿದ ಭಾಷೆ, ಉತ್ತರಕ್ಕೆ ಅವನೇ ಕೊಟ್ಟ ಕಾರಣ ಇವಿಷ್ಟನ್ನೂ ಚುಕ್ಕೆಯ ಜೊತೆಗೆ ಬರೆದುಕೊಳ್ಳಬೇಕಾಗುತ್ತದೆ.